ಸೂಪರ್‌ಹೀರೋ ಕಾಮಿಕ್ ಚೆನ್ನಾಗಿದೆಯಾ ಇಲ್ಲವಾ ಅಂತ ಹೇಳೋದು ಹೇಗೆ? ಕಲಾವಿದರನ್ನೇ ಕೇಳಿ

ನಮ್ಮ ಕೊಡಗಿನ ಓದುಗರ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ ಹಲವು ವರ್ಷ ಕಾಮಿಕ್‌ಗಳಿಗೆ ಇಂಕಿಂಗ್ (ಪೆನ್ಸಿಲ್ ಚಿತ್ರದ ಮೇಲೆ ಇಂಕಿನ ಗೆರೆ ಎಳೆಯುವುದು), ಲೆಟರಿಂಗ್ (ಮಾತಿನ ಅಕ್ಷರ ಬರೆಯುವುದು) ಮಾಡಿದ ಚಿತ್ರಕಲಾವಿದೆ. ಈಗ ನಾಪೋಕ್ಲು ಹತ್ತಿರದ ತೋಟದ ಮನೆಯಿಂದಲೇ ಕೆಲಸ ಮಾಡುತ್ತಾರೆ.

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ಮಡಿಕೇರಿ): ಅಕ್ಕಾ, ನಮಸ್ಕಾರ. ಕಾಲೇಜಿನ ಗೋಡೆ ಪತ್ರಿಕೆಗೆ ಒಂದು ಸೂಪರ್‌ಹೀರೋ ಕಾಮಿಕ್ ಬಗ್ಗೆ ಬರೆಯಬೇಕು. ಗೆಳೆಯ ತಂದುಕೊಟ್ಟ ಇಂಗ್ಲಿಷ್ ಸಂಚಿಕೆ, 22 ಪುಟ. ನಾನು ಬರೆದಿದ್ದು ಇಷ್ಟೇ: ‘ಚಿತ್ರ ಸೂಪರ್, ಕಥೆ ಸುಮಾರು, ಮಧ್ಯದಲ್ಲಿ ಬೋರು.’ ಮೇಷ್ಟ್ರು ಓದಿ ‘ಯಾಕೆ ಅಂತ ಬರಿ’ ಅಂದರು. ಆ ಯಾಕೆ ಅನ್ನೋದೇ ಹೇಳಲು ಬರುತ್ತಿಲ್ಲ. ಎರಡು ಪುಟದ ಫೋಟೋ ಹಾಕಿದ್ದೇನೆ. 6ನೇ ಪುಟದಲ್ಲಿ ಸೇತುವೆಯಿಂದ ಬೀಳುವ ಬಸ್ಸನ್ನು ಹೀರೋ ಹಿಡಿಯುತ್ತಾನೆ, ಅದು ನನಗೆ ತುಂಬಾ ಇಷ್ಟ. 15ನೇ ಪುಟದಲ್ಲಿ ಅಡುಗೆಮನೆಯಲ್ಲಿ ಕೂತು ಹರಿದ ಗ್ಲೌಸ್ ಹೊಲಿಯುತ್ತಾನೆ. ಬೋರು ಅಂದಿದ್ದು ಅದಕ್ಕೆ.

ಉತ್ತರ: ಪುಟದ ನಂಬರ್ ಸಮೇತ ಕೇಳಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಪುಟ ತೋರಿಸಿ ಮಾತಾಡಿದರೆ ‘ಯಾಕೆ’ ಅನ್ನೋದು ತಾನಾಗೇ ಬರುತ್ತದೆ.

ಮೊದಲು ಒಂದು ಕೆಲಸ ಮಾಡಿ. 6ನೇ ಪುಟದಲ್ಲಿ ಪಾತ್ರಗಳ ಮಾತು ಬರೆದಿರುವ ಬಲೂನ್‌ಗಳನ್ನೆಲ್ಲ ಕಾಗದದ ಚೂರುಗಳಿಂದ ಮುಚ್ಚಿ. ಈಗ ಬರೀ ಚಿತ್ರ ನೋಡಿ. ಏನಾಗುತ್ತಿದೆ ಅಂತ ತಿಳಿಯುತ್ತದಾ? ನಾನು ಮುಚ್ಚಿ ನೋಡಿದೆ. ಮೊದಲನೇ ಚೌಕದಲ್ಲಿ ಬಸ್ಸಿನ ಮೂತಿ ಬಲಕ್ಕಿದೆ, ಹೀರೋ ಎಡದಿಂದ ಹಾರುತ್ತಾನೆ. ಮೂರನೇ ಚೌಕದಲ್ಲಿ ಮೂತಿ ಎಡಕ್ಕೆ ತಿರುಗಿದೆ, ಹೀರೋ ಬಲದಿಂದ ಬರುತ್ತಾನೆ. ಬಸ್ಸು ತಿರುಗಿತಾ, ಅವನು ಸುತ್ತಿ ಬಂದನಾ, ಅಥವಾ ನಾವು ಸೇತುವೆಯ ಆ ಕಡೆ ಹೋಗಿ ನಿಂತೆವಾ? ಹೇಳಲು ಒಂದು ದೀಪದ ಕಂಬವೂ ಇಲ್ಲ. ಸಿನಿಮಾದವರು ದೃಶ್ಯದ ಮಧ್ಯೆ ಒಂದು ಕಾಣದ ಗೆರೆ ಇದೆ ಅಂದುಕೊಂಡು, ಕ್ಯಾಮೆರಾವನ್ನು ಅದರ ಆಚೆ ದಾಟಿಸಬಾರದು ಅನ್ನುತ್ತಾರಲ್ಲ, ಇಲ್ಲೂ ಅದೇ. ದಾಟಲೇಬೇಕು ಅಂದರೆ ಮಧ್ಯೆ ಒಂದು ಚೌಕದಲ್ಲಿ ಇಡೀ ಜಾಗ ತೋರಿಸಬೇಕು. ಇಲ್ಲಿ ತೋರಿಸಿಲ್ಲ. ಆದ್ದರಿಂದಲೇ ಬಲೂನಲ್ಲಿ ‘ನಾನು ಹಿಂದಿನಿಂದ ಹೋಗಿ ಬಸ್ಸನ್ನು ಹಿಡಿಯಬೇಕು!’ ಅಂತ ಬರೆದಿದ್ದಾರೆ. ಚಿತ್ರ ಹೇಳಬೇಕಾದ್ದನ್ನು ಮಾತು ಹೇಳುತ್ತಿದೆ.

ನಿಮಗೆ ಇಷ್ಟವಾದದ್ದು ಸುಳ್ಳಲ್ಲ. ಆ ಕೊನೆಯ ಚೌಕದಲ್ಲಿ ತೋಳಿನ ನರ, ಒಡೆದ ಗಾಜು, ನೀರಿನ ಹನಿ ಎಲ್ಲ ಬಿಡಿಸಿರುವುದು ಒಳ್ಳೆಯ ಕೈ. ಆದರೆ ಅದು ಚಿತ್ರ ಬಿಡಿಸುವ ಶಕ್ತಿ. ಕಥೆ ಹೇಳುವ ಶಕ್ತಿ ಬೇರೆ. ಕಾಮಿಕ್‌ನಲ್ಲಿ ಎರಡೂ ಬೇಕು, ಮೊದಲು ಬೇಕಾದ್ದು ಎರಡನೆಯದು.

ಈಗ 15ನೇ ಪುಟಕ್ಕೆ ಬನ್ನಿ. ಇದರ ಮೇಲೆ ನಾನು ತುಂಬಾ ಹೊತ್ತು ಕೂತೆ. ಮೂರೇ ಚೌಕ, ಮೂರೂ ಒಂದೇ ಅಳತೆ. ನಾವು ನಿಂತು ನೋಡುವ ಜಾಗವೂ ಒಂದೇ, ಒಲೆ ಪಕ್ಕದಿಂದ. ಮೊದಲನೇದರಲ್ಲಿ ಟೀ ಲೋಟದಿಂದ ಹಬೆ ಏಳುತ್ತಿದೆ, ಗಡಿಯಾರದಲ್ಲಿ ಹನ್ನೊಂದು. ಎರಡನೇದರಲ್ಲಿ ಹಬೆ ಇಲ್ಲ, ಒಂದೂವರೆ. ಮೂರನೇದರಲ್ಲಿ ಮೂರು ಗಂಟೆ, ಟೀ ಹಾಗೇ ಇದೆ, ಗ್ಲೌಸ್ ಹೊಲಿದಾಗಿದೆ, ಅವನು ಬಾಗಿಲ ಕಡೆ ನೋಡುತ್ತಿದ್ದಾನೆ. ಒಂದೂ ಮಾತಿಲ್ಲ. ಅವನಿಗೆ ನಿದ್ದೆ ಬರುತ್ತಿಲ್ಲ, ಒಬ್ಬನೇ ಇದ್ದಾನೆ, ನಾಳೆ ಮತ್ತೆ ಹೋಗಲೇಬೇಕು. ಇಷ್ಟೂ ನಮಗೆ ಗೊತ್ತಾಯಿತು. ಚೌಕದಿಂದ ಚೌಕಕ್ಕೆ ಹೋಗುವಾಗ ಕಳೆದ ಆ ನಾಲ್ಕು ಗಂಟೆಯನ್ನು ಯಾರೂ ಬಿಡಿಸಿಲ್ಲ. ಮಧ್ಯದ ಬಿಳಿ ಪಟ್ಟಿಯಲ್ಲಿ ನಾವೇ ತುಂಬಿಕೊಂಡೆವು. ಕಾಮಿಕ್ ಬಿಟ್ಟು ಬೇರೆ ಯಾವುದೂ ಈ ಕೆಲಸವನ್ನು ಹೀಗೆ ಮಾಡಲಾರದು. ನನಗೆ ಕೇಳಿದರೆ ನೀವು ಹಾಕಿದ ಎರಡರಲ್ಲಿ ಇದೇ ಒಳ್ಳೆಯ ಪುಟ.

ಬಣ್ಣವನ್ನೂ ನೋಡಿ. ಕೋಣೆಯೆಲ್ಲ ನೀಲಿ, ಬಲ್ಬಿನ ಕೆಳಗೆ ಮಾತ್ರ ಹಳದಿ. ಆ ಹಳದಿ ಬಿದ್ದಿರುವುದು ಅವನ ಮುಖದ ಮೇಲಲ್ಲ, ಸೂಜಿ ಹಿಡಿದ ಕೈ ಮೇಲೆ. ಕಣ್ಣು ಎಲ್ಲಿಗೆ ಹೋಗಬೇಕು ಅಂತ ಬಣ್ಣದವರು ಯೋಚಿಸಿದ್ದಾರೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಅಕ್ಕಾ, ಮಾತೇ ಇಲ್ಲದ ಪುಟ ಅಂದರೆ ಆ ಹೊಗಳಿಕೆ ಚಿತ್ರಕಾರರಿಗೆ ಸೇರಬೇಕಲ್ವಾ? ಕಥೆ ಬರೆದವರು ಅಲ್ಲಿ ಏನು ಮಾಡಿದರು?

ಉತ್ತರ: ಎಲ್ಲರೂ ಎಡವುವ ಜಾಗ ಇದು. ಬರಹ ಅಂದರೆ ಬಲೂನಲ್ಲಿರುವ ಮಾತು ಮಾತ್ರ ಅಲ್ಲ. ಕೆಲವರು ಪೂರ್ತಿ ಸ್ಕ್ರಿಪ್ಟ್ ಬರೆಯುತ್ತಾರೆ. ಈ ಪುಟದಲ್ಲಿ ಮೂರು ಚೌಕ, ಟೀ ಆರಬೇಕು, ಮಾತು ಬೇಡ ಅಂತ ಅದರಲ್ಲೇ ಇರುತ್ತದೆ. ಹಾಗಿದ್ದರೆ ಆ ಮೌನ ಬರೆದವರದ್ದೂ ಹೌದು. 1960ರ ದಶಕದಲ್ಲಿ ಅಮೆರಿಕದ ಕಾಮಿಕ್ ಪ್ರಕಾಶಕರಾದ ಮಾರ್ವೆಲ್‌ನಲ್ಲಿ ಬೇರೆ ರೀತಿ ನಡೆಯುತ್ತಿತ್ತು. ಸ್ಟ್ಯಾನ್ ಲೀ ಕಥೆಯ ಎಳೆ ಹೇಳುತ್ತಿದ್ದರು. ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೋ ಅಂಥವರು ಅದನ್ನು ಪುಟಪುಟವಾಗಿ ಬಿಡಿಸುತ್ತಿದ್ದರು. ಮಾತು ಬರುತ್ತಿದ್ದದ್ದು ಆಮೇಲೆ. ಹಾಗೆ ಬಂದ ಪುಟದಲ್ಲಿ ಕಥೆಯ ನಡೆ ಬಹುಪಾಲು ಚಿತ್ರಕಾರರದ್ದೇ. ಯಾರು ಎಷ್ಟು ಮಾಡಿದರು ಅಂತ ಪುಟ ನೋಡಿ ಹೇಳಲು ಆಗಲ್ಲ. ಆದ್ದರಿಂದ ‘ಈ ಪುಟ ಹೀಗೆ ಕೆಲಸ ಮಾಡಿದೆ’ ಅಂತ ಬರೆಯಿರಿ, ಅದು ನ್ಯಾಯ.

ಇನ್ನೊಂದು ವಿಷಯ. ಮುಖಪುಟ ನೋಡಿ ಒಳಗಿನ ಚಿತ್ರಕ್ಕೆ ಮಾರ್ಕ್ ಕೊಡಬೇಡಿ. ಎಷ್ಟೋ ಸಲ ಬಿಡಿಸಿದವರೇ ಬೇರೆ. 1962ರಲ್ಲಿ ಸ್ಪೈಡರ್‌ಮ್ಯಾನ್ ಮೊದಲ ಸಲ ಬಂದ ಸಂಚಿಕೆಯಲ್ಲೂ ಒಳಗಿನ ಕಥೆಗೆ ಚಿತ್ರ ಡಿಟ್ಕೋ ಅವರದ್ದು, ಮುಖಪುಟದ ಪೆನ್ಸಿಲ್ ಕೆಲಸ ಕರ್ಬಿ ಅವರದ್ದು.

ಪ್ರಶ್ನೆ (ಕುಶಾಲನಗರದ ಓದುಗರು): ಮೇಡಂ, ಹಳೆಯ ಕಾಮಿಕ್‌ನಲ್ಲಿ ಒಂದೇ ಕಂತಿನಲ್ಲಿ ಕಥೆ ಮುಗಿಯುತ್ತಿತ್ತು. ಈಗಿನವು ಪೂರ್ತಿ ಓದಿದರೂ ಏನೂ ಆಗಿರುವುದಿಲ್ಲ. ಮುಗಿಯದ ಕಥೆಯ ನಡುವಿನ ಸಂಚಿಕೆಯನ್ನು ಅಳೆಯುವುದಾದರೂ ಹೇಗೆ?

ಉತ್ತರ: ನೀವು ಹೇಳುವುದು ನಿಜ ಸರ್. ಅದೇ 1962ರ ಕಥೆ ಬರೀ 11 ಪುಟ. ಜೇಡ ಕಚ್ಚುವುದು, ಹುಡುಗನಿಗೆ ಹಣದ ಆಸೆ ಹುಟ್ಟುವುದು, ಕಳ್ಳನನ್ನು ‘ನನಗೇನು’ ಅಂತ ಬಿಟ್ಟುಬಿಡುವುದು, ಚಿಕ್ಕಪ್ಪ ಸಾಯುವುದು, ಕೊಂದವನು ಅದೇ ಕಳ್ಳ ಅಂತ ಗೊತ್ತಾಗುವುದು. ಎಲ್ಲವೂ ಅಷ್ಟರಲ್ಲೇ. ಈಗ ಐದಾರು ಸಂಚಿಕೆ ಸೇರಿಸಿ ಒಂದು ಪುಸ್ತಕ ಮಾಡುವ ಲೆಕ್ಕದಲ್ಲೇ ಬರೆಯುತ್ತಾರೆ. ನಿಧಾನ ತಪ್ಪಲ್ಲ. ಆದರೆ ಮೊದಲ ಪುಟದಲ್ಲಿ ಆ ಮನುಷ್ಯನಿಗೆ ಏನು ಬೇಕಿತ್ತು, ಕೊನೆಯ ಪುಟದಲ್ಲಿ ಏನು ಬೇಕಾಗಿದೆ ಅಂತ ಕೇಳಿಕೊಳ್ಳಿ. ಎರಡೂ ಒಂದೇ ಆಗಿದ್ದು, ಅವನು ಏನನ್ನೂ ಕಳೆದುಕೊಳ್ಳದೆ, ಏನನ್ನೂ ತಿಳಿದುಕೊಳ್ಳದೆ ಇದ್ದರೆ ದುಡ್ಡು ಕೊಟ್ಟವರಿಗೆ ಮೋಸವೇ. ಎಷ್ಟು ಕಟ್ಟಡ ಉರುಳಿದರೂ ಅಷ್ಟೇ.

ಪ್ರಶ್ನೆ (ಗೋಣಿಕೊಪ್ಪದ ತಾಯಿ): ನನ್ನ ಮಗನಿಗೆ ಹತ್ತು ವರ್ಷ. ಅವನು ಓದುವುದರಲ್ಲಿ ಬರೀ ಹೊಡೆದಾಟ. ಅದರಲ್ಲಿ ಒಳ್ಳೆಯದು ಕೆಟ್ಟದು ಅಂತ ಇರುತ್ತದಾ ಅಕ್ಕಾ?

ಉತ್ತರ: ಖಂಡಿತ ಇರುತ್ತದೆ. ಒಳ್ಳೆಯ ಹೊಡೆದಾಟದಲ್ಲಿ ಪ್ರತಿ ಏಟಿಗೂ ಒಂದು ಯೋಚನೆ ಇರುತ್ತದೆ, ಪೆಟ್ಟು ಬಿದ್ದವರಿಗೆ ನೋವೂ ಆಗುತ್ತದೆ. ಮಗನ ಜೊತೆ ಕೂತು ‘ಇವನು ಇಲ್ಲಿ ಯಾಕೆ ಹೊಡೆದ?’ ಅಂತ ಕೇಳಿ ನೋಡಿ. ಪುಟ ತಿರುಗಿಸಿ ತೋರಿಸಿ ಹೇಳಿದರೆ ಆ ಕಾಮಿಕ್ ಪರವಾಗಿಲ್ಲ. ‘ಸುಮ್ನೆ’ ಅಂದರೆ ಬೇರೆ ತಂದುಕೊಡಿ, ಆದರೆ ಓದುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ (ಸೋಮವಾರಪೇಟೆ, ಹತ್ತನೇ ಕ್ಲಾಸ್): ನಾನೂ ನನ್ನ ತಂಗಿಯೂ ಕನ್ನಡದಲ್ಲೇ ಒಂದು ಸೂಪರ್‌ಹೀರೋ ಕಾಮಿಕ್ ಮಾಡುತ್ತಿದ್ದೇವೆ. ಹೀರೋ ನಮ್ಮೂರಿನವಳು, ಮಳೆಗಾಲದಲ್ಲಿ ಮಾತ್ರ ಶಕ್ತಿ ಬರುತ್ತದೆ. ಚಿತ್ರ ಚೆನ್ನಾಗಿ ಬರುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಅಕ್ಷರ ಬರೆದ ಮೇಲೆ ಪುಟ ಕೆಟ್ಟು ಹೋಗುತ್ತದೆ. ಯಾಕೆ?

ಉತ್ತರ: ಎಷ್ಟು ಸಂತೋಷವಾಯಿತು ಗೊತ್ತಾ ಪುಟ್ಟಾ! ನಿನ್ನ ಪುಟದ ಫೋಟೋ ನೋಡಿದೆ. ನೀನು ಮೊದಲು ಚಿತ್ರ ತುಂಬಿಸಿ, ಉಳಿದ ಸಂದಿಯಲ್ಲಿ ಮಾತು ತುರುಕಿದ್ದೀಯ. ಇಂಗ್ಲಿಷ್ ಕಾಮಿಕ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ದೊಡ್ಡಕ್ಷರ, ಒಂದೇ ಎತ್ತರ. ಸಾಲುಗಳನ್ನು ಹತ್ತಿರ ಹತ್ತಿರ ಕೂರಿಸಬಹುದು. ನಮ್ಮದು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಅಕ್ಕ, ಬಸ್ಸು ಬಿತ್ತು’ ಅಂತ ಎರಡು ಸಾಲಿನಲ್ಲಿ ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಸಾಲಿನ ಮಧ್ಯೆ ಜಾಸ್ತಿ ಜಾಗ ಬೇಕು, ಹಾಗಾಗಿ ಬಲೂನ್ ದೊಡ್ಡದಾಗುತ್ತದೆ. ಪೆನ್ಸಿಲ್ ಹಂತದಲ್ಲೇ ಮೊದಲು ಬಲೂನ್‌ಗೆ ಜಾಗ ಬಿಡು, ಆಮೇಲೆ ಚಿತ್ರ. ಮೊದಲು ಮಾತಾಡುವವರ ಬಲೂನ್ ಎಡಗಡೆ, ಸ್ವಲ್ಪ ಮೇಲೆ.

ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಒಂದು ಬಲೂನನ್ನು ಪಾತ್ರದ ಕೈ ಮೇಲೆ ಕೂರಿಸಿಬಿಟ್ಟೆ. ಆ ಕೈಯಲ್ಲಿ ಬೀಗದ ಕೈ ಇತ್ತು. ಕಥೆ ನಿಂತದ್ದೇ ಅದರ ಮೇಲೆ. ಅಚ್ಚಾದ ಮೇಲೆ ಗೊತ್ತಾಯಿತು. ಆ ಚಿತ್ರ ಬಿಡಿಸಿದವರ ಮುಖ ಇವತ್ತಿಗೂ ನೆನಪಿದೆ. ಅಂದಿನಿಂದ ಬಲೂನ್ ಇಡುವ ಮೊದಲು ಆ ಚೌಕದಲ್ಲಿ ಏನು ಕಾಣಲೇಬೇಕು ಅಂತ ನೋಡುತ್ತೇನೆ.

ನಿನ್ನ ಮಳೆ ಬಗ್ಗೆ ಒಂದು ಮಾತು. ಎಲ್ಲಾ ಚೌಕದಲ್ಲೂ ಒಂದೇ ಥರ ಓರೆ ಗೆರೆ ಎಳೆದಿದ್ದೀಯ. ನಮ್ಮೂರ ಮಳೆ ದಿನಕ್ಕೆ ನಾಲ್ಕು ಥರ ಬರುತ್ತದೆ, ಅಲ್ವಾ? ಶೀಟಿನ ಮೇಲೆ ಧೋ ಅಂತ ಸುರಿಯುವುದು ಬೇರೆ, ಜಿಟಿಜಿಟಿ ಬೇರೆ. ಆ ಸದ್ದಿನ ಅಕ್ಷರವನ್ನೂ ಬೇರೆ ಬೇರೆ ದಪ್ಪದಲ್ಲಿ ಬರೆ. ಮಂಜು ಬಿದ್ದಾಗ ತೋಟದ ಸಿಲ್ವರ್ ಮರಗಳನ್ನು ನೋಡು. ಹತ್ತಿರದ ಮರ ಕಪ್ಪಗೆ, ಅದರ ಹಿಂದಿನದು ಬೂದಿ, ಅದರ ಹಿಂದಿನದು ಇದೆಯೋ ಇಲ್ಲವೋ ಅನ್ನುವ ಹಾಗೆ. ಇಂಕಿನಲ್ಲೂ ಅದೇ. ಹತ್ತಿರದ ವಸ್ತುವಿಗೆ ದಪ್ಪ ಗೆರೆ, ದೂರದ್ದಕ್ಕೆ ತೆಳು ಗೆರೆ. ನಿನ್ನ ಹೀರೋಗೂ ಹಿಂದಿನ ಬೆಟ್ಟಕ್ಕೂ ಈಗ ಒಂದೇ ಪೆನ್ನಿನ ಗೆರೆ ಇದೆ. ಅದಕ್ಕೇ ಅವಳು ಬೆಟ್ಟಕ್ಕೆ ಅಂಟಿಕೊಂಡ ಹಾಗೆ ಕಾಣುತ್ತಾಳೆ.

ಗುಟ್ಟು ಬಯಲಾಗುವ ಚಿತ್ರವನ್ನು ಎಡಗಡೆ ಪುಟದಲ್ಲಿಡು. ಬಲಗಡೆ ಇಟ್ಟರೆ, ಹಿಂದಿನ ಹಾಳೆ ತಿರುಗಿಸಿದ ತಕ್ಷಣ ಓದುವವರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಎಡಗಡೆ ಇದ್ದರೆ ಹಾಳೆ ತಿರುಗಿಸುವವರೆಗೂ ಅದು ನಿನ್ನ ಕೈಯಲ್ಲೇ ಇರುತ್ತದೆ. ಮುಗಿದ ಮೇಲೆ ಇಲ್ಲೇ ಹಾಕು, ಇಬ್ಬರ ಹೆಸರೂ ಬರೆದು.

ಮತ್ತೆ ಮಡಿಕೇರಿಯ ವಿದ್ಯಾರ್ಥಿ: ಅಕ್ಕಾ, ತಿದ್ದಿ ಬರೆದೆ, ನೋಡಿ. ‘6ನೇ ಪುಟದ ಬಸ್ಸು ಕಣ್ಣಿಗೆ ಹಬ್ಬ, ಆದರೆ ಹೀರೋ ಯಾವ ಕಡೆಯಿಂದ ಬಂದ ಅನ್ನುವುದನ್ನು ಮಾತು ಓದಿಯೇ ತಿಳಿಯಬೇಕು. 15ನೇ ಪುಟದಲ್ಲಿ ಮಾತೇ ಇಲ್ಲ, ಆದರೂ ಎಲ್ಲ ತಿಳಿಯುತ್ತದೆ. ಟೀ ಆರಿದ್ದನ್ನು ನಾನು ಮೊದಲ ಸಲ ಗಮನಿಸಿರಲಿಲ್ಲ.’ ಬರೆದವರು, ಪೆನ್ಸಿಲ್, ಬಣ್ಣ, ಮೂವರ ಹೆಸರೂ ಹಾಕಿದ್ದೇನೆ.

ಉತ್ತರ: ಕೊನೆಯ ವಾಕ್ಯ ತೆಗೆಯಬೇಡಿ, ಅದು ತುಂಬಾ ಚೆನ್ನಾಗಿದೆ. ಇಂಕ್ ಮಾಡಿದವರದ್ದೂ ಅಕ್ಷರ ಬರೆದವರದ್ದೂ ಹೆಸರು ಬಿಟ್ಟುಹೋಗಿದೆ. ನಿಮ್ಮ ಸಂಚಿಕೆಯಲ್ಲಿ ಮೊದಲ ಪುಟದ ಕೆಳಗೆ ಸಣ್ಣದಾಗಿ ಇರಬೇಕು, ನೋಡಿ ಸೇರಿಸಿ.