14 ಅಡಿಯ ಮೀನು ದೋಣಿಗೆ ಟ್ರೇಲರ್‌ನಲ್ಲಿ ಸರಿಯಾದ ಆಸರೆ ಕೊಡುವುದು ಹೇಗೆ?

ಪ್ರಶ್ನೆ: ಕಾರಂಜಾ ದಂಡೆ (ಭಾಲ್ಕಿ ತಾಲ್ಲೂಕು)

ಎಲ್ಲರಿಗೂ ಶರಣು. ಕಾರಂಜಾ ಜಲಾಶಯದಲ್ಲಿ ಬಲೆ ಬಿಡಲು ನಮ್ಮಲ್ಲಿ 14 ಅಡಿ ಉದ್ದದ ಫೈಬರ್ ದೋಣಿಯಿದ್ದು, ಅದರ ಹಿಂಬದಿಗೆ 5 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದೇವೆ. ದಂಡೆಯಲ್ಲಿ ಕಾವಲಿಲ್ಲದ ಕಾರಣ, ಹಿಂದೆ ಪಂಪ್‌ಸೆಟ್ ಸಾಗಿಸುತ್ತಿದ್ದ ಎರಡು ಗಾಲಿಯ ಟ್ರೇಲರ್ ಮೇಲೆ ದೋಣಿಯನ್ನು ದಿನವೂ ಮನೆಗೆ ತರುತ್ತೇವೆ. ಟ್ರೇಲರ್‌ನ ಎರಡು ಕಬ್ಬಿಣದ ಅಡ್ಡ ಚಾನೆಲ್‌ಗಳ ಮೇಲೆ ಟೈರಿನ ತುಂಡು ಹಾಸಿ ಕೂರಿಸಿರುವ ದೋಣಿಯ ಹಿಂಭಾಗ, ಕೊನೆಯ ಚಾನೆಲ್‌ನಿಂದ ಆಚೆಗೆ ಒಂದೂವರೆ ಅಡಿ ಚಾಚಿಕೊಂಡಿದೆ. ಕಳೆದ ವಾರ ದೋಣಿಯನ್ನು ಬೋರಲು ಹಾಕಿ ತೊಳೆಯುವಾಗ, ಆ ಚಾನೆಲ್ ತಾಗುವ ಜಾಗದಲ್ಲಿ ಗೇಣುದ್ದದ ನಾಲ್ಕೈದು ಕೂದಲೆಳೆ ಬಿರುಕುಗಳು ಕಂಡವು. ಜೀಪಿನ ವೇಗ ಸ್ವಲ್ಪ ಹೆಚ್ಚಾದರೂ ಟ್ರೇಲರ್ ಎಡಬಲಕ್ಕೆ ಓಲಾಡುತ್ತದೆ. ನಡುವೆ ಮತ್ತೊಂದು ಚಾನೆಲ್ ಬೆಸೆಸಿದರೆ ಸಾಕಾಗುತ್ತದೆಯೇ?

ಉತ್ತರ: ನಾರಾಯಣಪುರ ಹಿನ್ನೀರು (ಹುಣಸಗಿ ತಾಲ್ಲೂಕು)

ಅಣ್ಣನವರೇ, ದಯವಿಟ್ಟು ಮತ್ತೊಂದು ಅಡ್ಡ ಚಾನೆಲ್ ಹಾಕಿಸಬೇಡಿ. ನೀರಿನಲ್ಲಿದ್ದಾಗ ದೋಣಿಯ ತಳಕ್ಕೆಲ್ಲ ಆಸರೆ ಸಿಗುತ್ತದೆ. ನಿಮ್ಮ ಟ್ರೇಲರ್ ಮೇಲೆ ಅದೇ ಭಾರ ಎರಡು ಗೆರೆಗಳ ಮೇಲೆ ನಿಂತಿದೆ, ಎಂಜಿನ್ನಿನ ತೂಕವಂತೂ ಆಸರೆಯೇ ಇಲ್ಲದೆ ನೇತಾಡುತ್ತಿದೆ. ರಸ್ತೆಯ ಪ್ರತಿ ತಗ್ಗಿನಲ್ಲೂ ಆ ಒಂದೂವರೆ ಅಡಿ ಭಾಗ ಚಾನೆಲ್ ಮೇಲೆ ಬಾಗುವುದರಿಂದ ಬಿರುಕು ಅಲ್ಲಿಯೇ ಬಿದ್ದಿದೆ.

ದೋಣಿಯ ಉದ್ದಕ್ಕೆ ಎರಡು ಸಾಗುವಾನಿ ಹಲಗೆಗಳನ್ನು ಹಾಕಿಸಿ, ಅವು ದೋಣಿಯ ಹಿಂಬದಿಯ ಗೋಡೆಗಿಂತ ಎರಡು ಅಂಗುಲ ಆಚೆಗೆ ಬರುವಂತೆ ನೋಡಿಕೊಳ್ಳಿ. ಹಲಗೆ ಮೊದಲೇ ನಿಂತುಹೋದರೆ ತಳ ಅಲ್ಲಿ ಒಳಗೆ ಬಾಗಿ ಹಾಗೆಯೇ ಉಳಿದುಬಿಡುತ್ತದೆ. ಆಮೇಲೆ ದೋಣಿ ನೀರಿನಲ್ಲಿ ನೆಟ್ಟಗೆ ಓಡುವುದಿಲ್ಲ. ನಡುಗೆರೆಯ ಕೆಳಗೆ ಎರಡು ಮೂರು ರಬ್ಬರ್ ರೋಲರ್ ಇಟ್ಟು, ಭಾರ ಹೊರುವ ಕೆಲಸವನ್ನು ಅವಕ್ಕೂ ಹಂಚಬೇಕು. ಹಲಗೆಗಳು ದೋಣಿಯೊಳಗಿನ ಉದ್ದ ಪಟ್ಟಿಗಳ ನೇರ ಕೆಳಗೆ ಬರಲಿ, ಏಕೆಂದರೆ ಪಟ್ಟಿಯಿಲ್ಲದ ಕಡೆ ಫೈಬರ್ ತೆಳುವಾಗಿರುತ್ತದೆ.

ಆಸರೆ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು, ಹಲಗೆಗೆ ಹೊದಿಕೆ ಹೊಡೆಯುವ ಮೊದಲು ನಾನು ನೆನೆಸಿದ ಕೆಮ್ಮಣ್ಣು ಬಳಿದು, ದೋಣಿಯನ್ನು ಇಳಿಸಿ ಮತ್ತೆ ಎತ್ತಿ ನೋಡಿದೆ. ಬಿಳಿಯ ತಳದ ಮೇಲೆ ಬಲಗಡೆ ಉದ್ದವಾದ ಕೆಂಪು ಪಟ್ಟಿ ಮೂಡಿತ್ತು. ಎಡಗಡೆ ಅಂಗೈಯಗಲದ ಎರಡೇ ಗುರುತುಗಳಿದ್ದವು. ಎಡಗಡೆಯ ಹಲಗೆಯನ್ನು ಹೊತ್ತ ಬ್ರಾಕೆಟ್ ಎತ್ತರಿಸಿ ಸಮ ಮಾಡಲು ಅರ್ಧ ದಿನ ಹಿಡಿಯಿತು.

ಉತ್ತರ: ಬೆಸುಗೆ ಕೆಲಸದವರು (ಕಲಬುರಗಿ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಬ್ರಾಕೆಟ್‌ಗಳನ್ನು ಬೆಸೆಯದೆ ಯು ಬೋಲ್ಟ್‌ನಿಂದ ಬಿಗಿಸಿದರೆ ಮುಂದೆ ಸರಿಸಲು, ಎತ್ತರಿಸಲು ಅನುಕೂಲವಾಗುತ್ತದೆ. ಹಲಗೆಯ ಬೋಲ್ಟ್ ತಲೆಗಳು ಮರದೊಳಗೆ ಪೂರ್ತಿ ಇಳಿದಿರಬೇಕು, ಇಲ್ಲದಿದ್ದರೆ ದೋಣಿಯ ತಳವನ್ನು ಕೊರೆಯುತ್ತವೆ.

ಓಲಾಟಕ್ಕೆ ಕಾರಣ ಜೀಪಿನ ಕೊಂಡಿಯ ಮೇಲೆ ಭಾರ ಸಾಲದಿರುವುದು. ಸಮತಟ್ಟಾದ ಜಾಗದಲ್ಲಿ ಟ್ರೇಲರ್‌ನ ಮೂತಿಯನ್ನು ಕೊಂಡಿಯಷ್ಟೇ ಎತ್ತರದಲ್ಲಿ ತೂಕದ ಯಂತ್ರದ ಮೇಲಿಟ್ಟು ನೋಡಿ. ದೋಣಿ, ಎಂಜಿನ್, ಟ್ರೇಲರ್ ಎಲ್ಲ ಸೇರಿ 350 ಕಿಲೋ ಇದ್ದರೆ ಅಲ್ಲಿ 20ರಿಂದ 35 ಕಿಲೋ ಬರಬೇಕು. ಕಡಿಮೆಯಿದ್ದರೆ ವಿಂಚ್ (ದೋಣಿಯನ್ನು ಹಗ್ಗದಿಂದ ಎಳೆಯುವ ರಾಟೆ) ಇರುವ ಕಂಬವನ್ನು ಮುಂದಕ್ಕೆ ಸರಿಸಿ ದೋಣಿಯನ್ನು ಮುಂದೆ ತನ್ನಿ, ಅದಕ್ಕೆ ಜಾಗವಿಲ್ಲದಿದ್ದರೆ ಆ್ಯಕ್ಸಲನ್ನು ಪಾಟಾ (ಸ್ಪ್ರಿಂಗ್ ಪಟ್ಟಿ) ಸಮೇತ ಹಿಂದಕ್ಕೆ ಸರಿಸಬೇಕಾಗುತ್ತದೆ. ದೋಣಿಯ ಹಿಂಬದಿಯನ್ನು ಬೆಲ್ಟಿನಿಂದ ಟ್ರೇಲರ್‌ಗೆ ಕಟ್ಟಲು ಮರೆಯಬೇಡಿ. ವಿಂಚ್ ಹಗ್ಗವೊಂದನ್ನೇ ನಂಬಬಾರದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಶರಣು. ತೂಗಿ ನೋಡಿದರೆ ಮೂತಿಯ ಮೇಲೆ ಕೇವಲ 9 ಕಿಲೋ ಇತ್ತು. ದೋಣಿಯನ್ನು ಒಂಬತ್ತು ಅಂಗುಲ ಮುಂದಕ್ಕೆ ತಂದ ಮೇಲೆ 24 ಕಿಲೋ ಬಂದಿದೆ, ಓಲಾಟ ನಿಂತಿದೆ. ಹಲಗೆಗಳು ಸಿದ್ಧವಾಗುತ್ತಿವೆ. ಬಿರುಕು ಒಳಗಿನವರೆಗೂ ಹೋಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ನಾರಾಯಣಪುರ ಹಿನ್ನೀರು

ಬಿರುಕಿನ ಸುತ್ತ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಸದ್ದು ಎಲ್ಲ ಕಡೆ ಒಂದೇ ಸಮನೆ ಗಟ್ಟಿಯಾಗಿ ಕೇಳಿಸಿ, ದೋಣಿಯ ಒಳಗಡೆ ಅದೇ ಜಾಗದಲ್ಲಿ ಬಿಳಿಚಿದ ಗುರುತು ಕಾಣದಿದ್ದರೆ ಬಿರುಕು ಬಹುಮಟ್ಟಿಗೆ ಮೇಲ್ಪದರದ್ದು. ಉಜ್ಜಿ, ಪೂರ್ತಿ ಒಣಗಿಸಿ, ಹೊಸ ಪದರ ಹಚ್ಚಿದರೆ ಸಾಕು. ಸದ್ದು ಎಲ್ಲಾದರೂ ಬೊದ್ದಾಗಿ ಕೇಳಿಸಿದರೆ ಅಲ್ಲಿ ನಾರಿನ ಪದರಗಳು ಬಿಟ್ಟುಕೊಂಡಿವೆ ಎಂದು ತಿಳಿದು, ದೋಣಿಯನ್ನು ನೀರಿಗಿಳಿಸುವ ಮೊದಲೇ ಫೈಬರ್ ಕೆಲಸ ಬಲ್ಲವರಿಂದ ಮಾಡಿಸಿಕೊಳ್ಳಿ.