ಆಫೀಸಿಗೆ ಓಡಿಕೊಂಡೇ ಹೋಗುವವರು ಯಾರಾದ್ರೂ ಇದ್ದೀರಾ?

ಪ್ರಶ್ನೆ: ಮನೆ ಬೆಂಗಳೂರಿನ ಜಯನಗರ 4ನೇ ಬ್ಲಾಕ್, ಆಫೀಸ್ ರೆಸಿಡೆನ್ಸಿ ರಸ್ತೆ. ಆರೇಳು ಕಿ.ಮೀ. ಅಷ್ಟೇ, ಸ್ಕೂಟರಿನಲ್ಲಿ ಅರ್ಧ ಹೊತ್ತು ಸಿಗ್ನಲ್‌ನಲ್ಲೇ ಕಳೆಯುತ್ತದೆ. ಈಚೆಗೆ ಬೆನ್ನಿಗೆ ಬ್ಯಾಗ್ ಬಿಗಿದುಕೊಂಡು ಓಡುವವರು ಕಾಣುತ್ತಿದ್ದಾರೆ, ನನಗೂ ಆಸೆ. ಬೆವರು, ಬಟ್ಟೆ, ಲ್ಯಾಪ್‌ಟಾಪ್ ಎಲ್ಲ ಹೇಗೆ ಸಂಭಾಳಿಸುತ್ತೀರಿ?

ಬಸವನಗುಡಿಯವರು: ಓಡುವುದು ಸುಲಭ ರೀ, ಸಾಮಾನಿನದೇ ತಲೆನೋವು. ಸೋಮವಾರ ಸ್ಕೂಟರಿನಲ್ಲಿ ಹೋಗಿ ವಾರದ ಬಟ್ಟೆ, ಚಪ್ಪಲಿ, ಸೋಪು ಎಲ್ಲ ಆಫೀಸಿನಲ್ಲಿಟ್ಟು ಬನ್ನಿ. ಓಡುವ ಹಿಂದಿನ ದಿನ ಲ್ಯಾಪ್‌ಟಾಪ್ ಅಲ್ಲೇ ಬೀಗ ಹಾಕಿ ಬಿಡಿ. ಫೋನು, ಕೀಲಿ, ಒಂದು ಟೀ ಶರ್ಟ್ ಇಷ್ಟೇ ಬೆನ್ನ ಮೇಲಿರಲಿ, ಅದೂ ಎದೆಗೂ ಸೊಂಟಕ್ಕೂ ಪಟ್ಟಿ ಇರುವ ಬ್ಯಾಗಿನಲ್ಲಿ, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಕುಣಿದು ಭುಜ ತರಚಿಹೋಗುತ್ತದೆ. ಎರಡೂ ಹೊತ್ತು ಓಡುವ ಹುಚ್ಚು ಮೊದಲೇ ಬೇಡ. ಸಂಜೆ ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಜಯನಗರ.

ವಿಲ್ಸನ್ ಗಾರ್ಡನ್‌ನವರು: ದಾರಿ ಮಾತ್ರ ಮ್ಯಾಪ್ ನೋಡಿ ಆರಿಸಬೇಡಿ. ಸಿದ್ದಾಪುರ ಗೇಟಿನಿಂದ ಲಾಲ್‌ಬಾಗ್ ಒಳಗೆ ಹೋಗಿ ಡಬಲ್ ರೋಡ್ ಕಡೆ ಹೊರಗೆ ಬನ್ನಿ, ಅಷ್ಟು ದೂರ ಹೊಗೆಯಿಲ್ಲ, ಹಾರ್ನ್ ಇಲ್ಲ. ಆಮೇಲೆ ಸ್ವಲ್ಪ ದೂರ ಕಿರಿಕಿರಿ: ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಫುಟ್‌ಪಾತ್ ಮೇಲೇ ಬರುವ ಬೈಕು. ರೆಸಿಡೆನ್ಸಿ ರಸ್ತೆ ಸೇರಿದರೆ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ಮಾಡಿದ ಅಗಲದ ಫುಟ್‌ಪಾತ್ ಇದೆ. ಎಂಟರೊಳಗೆ ಆಫೀಸ್ ಸೇರಿಬಿಡಿ, ಆಮೇಲೆ ಬರೀ ಹೊಗೆ.

ಹಲಸೂರಿನವರು: ಗಂಡಸರು ಟೀ ಶರ್ಟ್ ಬದಲಾಯಿಸಿ ಕೂತುಬಿಡುತ್ತೀರಿ, ಉದ್ದ ಕೂದಲಿರುವವರ ಕಥೆ ಕೇಳಿ! ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ನನಗಂತೂ ಸಾಲುವುದಿಲ್ಲ. ಎಷ್ಟೋ ಕಟ್ಟಡಗಳಲ್ಲಿ ಶವರ್ ಇರುತ್ತದೆ, ಯಾರೂ ಬಳಸದೆ ಅಲ್ಲಿ ಬಕೆಟ್ಟು, ಮಾಪು ತುಂಬಿರುತ್ತಾರೆ. ಎಚ್‌ಆರ್‌ಗೆ ಮೇಲ್ ಹಾಕುವ ಮೊದಲು ಹೌಸ್‌ಕೀಪಿಂಗ್ ಅಕ್ಕನನ್ನು ಕೇಳಿ. ಇಲ್ಲವೇ ಇಲ್ಲ ಅಂದರೆ ಪಕ್ಕದ ಜಿಮ್‌ಗೆ ಸೇರಿ, ಸ್ನಾನಕ್ಕೋಸ್ಕರವೇ. ನಾನು ಮಾಡುತ್ತಿರುವುದು ಅದನ್ನೇ.

ಲಂಡನ್ನಿನಿಂದ ಮೈಸೂರಿನವನು: ಇಲ್ಲಿ ಇದು ಮಾಮೂಲು, ಲಿಫ್ಟಿನಲ್ಲಿ ಬೆವರಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಸಂಜೆ 4ಕ್ಕೆಲ್ಲ ಕತ್ತಲು, ಮೇಲೆ ಜಿಟಿಜಿಟಿ ಮಳೆ. ಬೆಂಗಳೂರಿನ ಬೆಳಗಿನ ಹವೆ ಇಟ್ಟುಕೊಂಡು ನೀವು ಯೋಚನೆ ಮಾಡುತ್ತಾ ಕೂತಿದ್ದೀರಲ್ಲ ಮಾರಾಯ್ರೆ!

ಬಸವನಗುಡಿಯವರು: ಇನ್ನೊಂದು ಮರೆತೆ. ಒದ್ದೆ ಟವೆಲ್ ಡ್ರಾಯರಿನಲ್ಲಿ ತುರುಕಬೇಡಿ. ಶುಕ್ರವಾರದ ಹೊತ್ತಿಗೆ ಪಕ್ಕದ ಸೀಟಿನವರೇ ಬೇರೆ ಕಡೆ ಜಾಗ ಕೇಳುತ್ತಾರೆ.