ಕೂಗಳತೆಯ ಎಕ್ಸ್‌ಚೇಂಜು, ಊರಾಚೆಯ ಸ್ಪೀಡು

8 ಎಂಬಿಯ ಇಂಟರ್ನೆಟ್ ಪ್ಲಾನಿಗೆ ದುಡ್ಡು ಕಟ್ಟಿ 2 ಎಂಬಿಯಲ್ಲಿ ಸಂಸಾರ ಮಾಡುವವರನ್ನು ಏನೆಂದು ಕರೆಯಬೇಕು?

"ಗ್ರಾಹಕ" ಎಂದರು ಜಯಂತಿ ಟೀಚರ್.

"ದಾನಶೂರ ಅನ್ರಿ" ಎಂದರು ಕುಲಕರ್ಣಿ.

ರಾಯರು ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದರು. ಆ ಪುಣ್ಯಾತ್ಮ ಅವರೇ ತಾನೆ! ಮುಂಬಯಿಯ ಮುಲುಂಡಿನಲ್ಲಿ ನಾವೆಲ್ಲ ಫೈಬರ್ ಹಾಕಿಸಿಕೊಂಡು ಎಷ್ಟೋ ಕಾಲವಾಯಿತು. ರಾಯರು ಮಾತ್ರ ಟೆಲಿಫೋನ್ ತಂತಿಯ ಡಿಎಸ್ಎಲ್ ಬಿಟ್ಟಿಲ್ಲ. ಬ್ಯಾಂಕಿನಲ್ಲಿ ನಿವೃತ್ತರಾದವರು. ಹಳೆಯ ಖಾತೆ ಮುಚ್ಚುವುದೆಂದರೆ ಇವತ್ತಿಗೂ ಅವರಿಗೆ ಹೊಟ್ಟೆಯಲ್ಲಿ ಸಂಕಟ.

ಶೆಟ್ಟರ ಹೋಟೆಲಿನಲ್ಲಿ ಇಡ್ಲಿಯವರು ಎದ್ದುಹೋಗಿ ಊಟದವರು ಬರುವುದರ ನಡುವೆ ಹಿಂದಿನ ಮೇಜು ನಮ್ಮದು. ಅವತ್ತು ರಾಯರು ಚಹಾಕ್ಕೂ ಕಾಯದೆ ಬಾಂಬು ಹಾಕಿದರು.

"ನನ್ನ ಬಾಲ್ಕನಿಯಲ್ಲಿ ನಿಂತ್ರೆ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡ ಕಾಣ್ತದೆ. ಹಳಿಯ ಆಚೆ, ಅಷ್ಟೇ. ಜೋರಾಗಿ ಕರೆದ್ರೆ ಅಲ್ಲಿಯ ವಾಚ್‌ಮನ್ ತಿರುಗಿ ನೋಡ್ಬೇಕು. ಅಷ್ಟು ಹತ್ತಿರ ಇದ್ದೂ ನನಗೆ ಸ್ಪೀಡ್ ಇಲ್ಲ ಅಂದ್ರೆ ಕಂಪನಿಯವರು ಎಲ್ಲೋ ನಲ್ಲಿ ತಿರುಗಿಸಿ ಇಟ್ಟಿದ್ದಾರೆ. ನಾನು ಗ್ರಾಹಕ ನ್ಯಾಯಾಲಯಕ್ಕೆ ಹೋಗುವವನೇ."

ಮೂಲೆಯಲ್ಲಿ ಕೂತಿದ್ದ ಪೂಜಾರಿಯವರು ತಲೆ ಎತ್ತಿದರು. ಜೀವಮಾನವಿಡೀ ಮುಂಬಯಿಯ ರಸ್ತೆಗುಂಡಿಗಳಲ್ಲಿ ಕೂತು ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡಿದ ಮನುಷ್ಯ. ಮಾತು ಕಮ್ಮಿ. ತಂತಿಯ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಾರೆ.

"ರಾಯ್ರೇ, ನಿಮ್ಮ ಕಣ್ಣು ಹಳಿ ದಾಟ್ತದೆ. ತಂತಿ ದಾಟುದಿಲ್ಲ."

"ಎಂತಕ್ಕೆ?"

"ರೈಲ್ವೆಯವರು ಕಂಡಕಂಡಲ್ಲಿ ಅಗೆಯಲಿಕ್ಕೆ ಬಿಡ್ತಾರಾ? ಒಂದು ಜಾಗ ಗೊತ್ತು ಮಾಡಿ ಕೊಡ್ತಾರೆ, ಅಲ್ಲೇ ದಾಟ್ಬೇಕು. ಎಕ್ಸ್‌ಚೇಂಜಿನ ಎಂಡಿಎಫ್, ಅಂದ್ರೆ ಎಲ್ಲ ತಂತಿ ಬಂದು ಸೇರುವ ಚೌಕಟ್ಟು, ಅಲ್ಲಿಂದ ಹೊರಟ ದೊಡ್ಡ ಕೇಬಲ್ ಮೊದಲು ರಸ್ತೆಬದಿಯ ಕ್ಯಾಬಿನೆಟ್ಟಿಗೆ ಹೋಗ್ತದೆ. ಅಲ್ಲಿಂದ ಪಿಲ್ಲರ್, ಅದು ಇನ್ನೂ ಸಣ್ಣ ಪೆಟ್ಟಿಗೆ. ಪಿಲ್ಲರಿಂದ ನಿಮ್ಮ ಗಲ್ಲಿಯಲ್ಲಿ ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸ್. ಡಿಪಿಯಿಂದ ಡ್ರಾಪ್ ವೈರ್ ಏರಿ ಐದನೇ ಮಾಳಿಗೆ. ನಿಮ್ಮ ಪೇರ್ ಉಂಟಲ್ಲ, ನಿಮ್ಮ ಜೋಡಿ ತಂತಿ, ಅದು ಉತ್ತರಕ್ಕೆ ಹೋಗಿ, ಹಳಿ ದಾಟಿ, ನಾಲೆಯ ಬದಿಯಲ್ಲೇ ಬಂದು, ಮಾರ್ಕೆಟ್ ಸುತ್ತಿ, ನಿಮ್ಮ ಸೊಸೈಟಿಯ ಹಿಂದಿನ ಗೇಟಲ್ಲಿ ಒಳಗೆ ಬರ್ತದೆ."

"ಸೊಸೈಟಿಯ ಹಿಂದಿನ ಗೇಟು ಮುಚ್ಚಿ ವರ್ಷಗಟ್ಟಲೆ ಆಯ್ತು!"

"ತಂತಿಗೆ ಅದು ಗೊತ್ತಿಲ್ಲ."

ಕುಲಕರ್ಣಿ ಧಾರವಾಡದವರು. ತರ್ಕದಲ್ಲಿ ಸೋಲುವುದು ಅವರ ಜಾಯಮಾನದಲ್ಲೇ ಇಲ್ಲ. "ಅಲ್ರೀ ಪೂಜಾರಿಯವರ, ತಂತ್ಯಾಗ ಸಿಗ್ನಲ್ ಹೋಗೋದು ಸೆಕೆಂಡಿಗೆ ಲಕ್ಷಗಟ್ಟಲೆ ಕಿಲೋಮೀಟರ್ ವೇಗದಾಗ. ಅದಕ್ಕ ಇಷ್ಟು ಸುತ್ತು ಏನು ಲೆಕ್ಕ? ಅರ್ಧ ರೆಪ್ಪಿ ಬಡಿಯೋದ್ರಾಗ ಹತ್ತು ಸರ್ತಿ ಹೋಗಿಬರ್ತದ."

"ಹೋಗಿ ಬರ್ತದೆ. ಆದ್ರೆ ಎಷ್ಟು ಹೊತ್ಕೊಂಡು ಬರ್ತದೆ ಅನ್ನುದು ಪ್ರಶ್ನೆ."

ಇಲ್ಲಿಂದ ಮುಂದೆ ಪೂಜಾರಿಯವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲೇ ಹೇಳುತ್ತೇನೆ. ಅವರು ಪ್ರತಿ ವಾಕ್ಯದ ನಡುವೆ ಒಬ್ಬೊಬ್ಬ ಇಂಜಿನಿಯರನನ್ನು ಬೈದರು, ಅದೆಲ್ಲ ಬರೆಯುವ ಹಾಗಿಲ್ಲ. ನಾವು ಫೋನಿನಲ್ಲಿ ಆಡುವ ಮಾತಿಗೆ ತಂತಿಯಲ್ಲಿ 4 ಕಿಲೋಹರ್ಟ್ಸ್ ಜಾಗ ಸಾಕು. ಅದರ ಮೇಲಿನದೆಲ್ಲ ಖಾಲಿ ಬಿದ್ದಿತ್ತು. ಡಿಎಸ್ಎಲ್ ಮಾಡಿದ್ದು ಆ ಖಾಲಿ ಜಾಗಕ್ಕೆ ಬಾಡಿಗೆದಾರರನ್ನು ತುಂಬುವ ಕೆಲಸ. ಎಡಿಎಸ್ಎಲ್ ಟೂ ಪ್ಲಸ್ ಎಂಬ ತಳಿ 2.2 ಮೆಗಾಹರ್ಟ್ಸ್‌ವರೆಗೆ ಏರುತ್ತದೆ. ಅಷ್ಟು ಜಾಗವನ್ನು 512 ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ಮೇಲೆ ಒಂದೇ ಏಟಿಗೆ 15 ಬಿಟ್‌ವರೆಗೆ ಹೇರುತ್ತದೆ. ಎಲ್ಲ ಪಟ್ಟಿಗಳೂ ಚೆನ್ನಾಗಿ ದುಡಿದರೆ 24 ಎಂಬಿ. ಆದರೆ ತಾಮ್ರದ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ, ಅದರಲ್ಲೂ ಮೇಲಿನ ಕಂಪನಾಂಕಗಳು ಮೊದಲು ಸಾಯುತ್ತವೆ.

ಶೆಟ್ಟರು ಗಲ್ಲೆಯಿಂದಲೇ ಕೂಗಿದರು: "ಅದು ಊರಿನ ಬಯಲಾಟದ ಹಾಗೆ ಮಾರಾಯ್ರೇ! ಗದ್ದೆಯ ಎದುರು ಕೂತವನಿಗೆ ಭಾಗವತರ ಪದ, ತಾಳದ ಕಿಣಿಕಿಣಿ, ಗೆಜ್ಜೆ ಎಲ್ಲಾ ಕೇಳ್ತದೆ. ಎರಡು ಗುಡ್ಡ ಆಚೆ ಮಲಗಿದವನಿಗೆ ಬರೀ ಚೆಂಡೆಪೆಟ್ಟು. ಆಟ ಯಾವ ಪ್ರಸಂಗ ಅಂತ ಅವನು ಬೆಳಿಗ್ಗೆ ಎದ್ದು ಬೇರೆಯವರನ್ನು ಕೇಳ್ಬೇಕು."

ಪೂಜಾರಿಯವರು ಮೊದಲ ಬಾರಿಗೆ ನಕ್ಕರು. "ಅಷ್ಟೇ. ರಾಯ್ರ ಮನೆಗೆ ಚೆಂಡೆ ಮಾತ್ರ ಬರ್ತಾ ಉಂಟು."

ರಾಯರು ಸುಮ್ಮನೆ ಬಿಡುವ ಆಸಾಮಿಯಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. ರೂಟರಿನ ಒಳಗಿನ ಪುಟದ ಪ್ರಿಂಟೌಟು! ತಾರೀಖು, ಸಹಿ, ಅಂಚಿನಲ್ಲಿ ಕೆಂಪು ಶಾಯಿಯ ಟಿಕ್ಕು ಗುರುತು, ಥೇಟ್ ಆಡಿಟ್ ವರದಿ. ಪೂಜಾರಿಯವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೇ ಸಾಲಿನ ಮೇಲೆ ಬೆರಳಿಟ್ಟರು.

"ಅಟೆನ್ಯುಯೇಷನ್, ಅಂದ್ರೆ ದಾರಿಯಲ್ಲಿ ಸಿಗ್ನಲ್ ಸೊರಗಿದ ಲೆಕ್ಕ, 58 ಡೆಸಿಬೆಲ್. ಕಿಲೋಮೀಟರಿಗೆ ಸುಮಾರು 14ರಂತೆ ಭಾಗಿಸಿ."

ರಾಯರು ಬ್ಯಾಂಕಿನವರಲ್ಲವೇ, ಬಾಯಲ್ಲೇ ಭಾಗಿಸಿದರು. "ನಾಲ್ಕು ಚಿಲ್ಲರೆ."

"ನಾಲ್ಕು ಚಿಲ್ಲರೆ ಕಿಲೋಮೀಟರ್ ತಂತಿ. ಒಂದು ಕಿಲೋಮೀಟರ್ ಒಳಗಿದ್ರೆ 20ರ ಮೇಲೆ ಸಿಗ್ತದೆ. ಮೂರಕ್ಕೆ ಬಂದ್ರೆ ಏಳೆಂಟು. ನಿಮ್ಮ ದೂರಕ್ಕೆ ಎರಡು, ಎರಡೂವರೆ. ಐದು ದಾಟಿದ್ರೆ ಲೈನ್ ನಿಂತ್ರೇ ದೊಡ್ಡದು. ನಲ್ಲಿ ಯಾರೂ ತಿರುಗಿಸ್ಲಿಲ್ಲ. ಪೈಪೇ ಉದ್ದ."

"ಹಾಗಾದ್ರೆ 8ರ ಪ್ಲಾನು ಯಾಕೆ ಮಾರಿದ್ರು?"

"ನೀವು ಕೇಳಿದ್ರಿ, ಕೊಟ್ರು" ಎಂದರು ಟೀಚರ್. ಅಲ್ಲಿಗೆ ಒಂದು ನಿಮಿಷ ಮೌನ. ಪ್ಲಾನು ದೊಡ್ಡದು ಮಾಡಿದರೆ ತಂತಿ ಗಿಡ್ಡವಾಗುವುದಿಲ್ಲ ಎಂಬ ಮಾತನ್ನು ಕೌಂಟರಿನಲ್ಲಿ ಕೂತವರು ಒಮ್ಮೆ ಬಾಯಿಬಿಟ್ಟು ಹೇಳಬಹುದಿತ್ತು ಎಂದು ನನಗೂ ಅನ್ನಿಸಿತು. ಅಷ್ಟರ ಮಟ್ಟಿಗೆ ರಾಯರ ಸಿಟ್ಟು ನ್ಯಾಯವೇ.

ಆಮೇಲೆ ಗೊತ್ತಾದದ್ದು, ರಾಯರು ಮಾಡದ ಚಿಕಿತ್ಸೆ ಇಲ್ಲ. ರೂಟರ್ ಬದಲಾಯಿಸಿದ್ದಾರೆ. ದೇವರ ಕೋಣೆಗೆ ಸ್ಥಳಾಂತರಿಸಿದ್ದಾರೆ. ಅದು ದಕ್ಷಿಣಕ್ಕೆ ಮುಖ ಮಾಡಿದೆ ಎಂದು ಯಾರೋ ಹೇಳಿದ್ದಕ್ಕೆ ಮತ್ತೆ ಎತ್ತಿ ಫ್ರಿಜ್ಜಿನ ಮೇಲಿಟ್ಟಿದ್ದಾರೆ.

"ಮತ್ತ, ಫೋಟೋ ಕಳಿಸೋದು ಹ್ಯಾಂಗ ನಡದದ?" ಕುಲಕರ್ಣಿ ವಿಚಾರಿಸಿದರು.

"ಅದಕ್ಕೇನು ತೊಂದರೆ ಇಲ್ಲ. ಮೊದಲಿನ ಹಾಗೇ ಹೋಗ್ತದೆ."

ಇದಕ್ಕೂ ಪೂಜಾರಿಯವರಲ್ಲಿ ಉತ್ತರ ಇತ್ತು. ನಮ್ಮ ಕಡೆಯಿಂದ ಮೇಲಕ್ಕೆ ಹೋಗುವ ಸಿಗ್ನಲ್ಲಿಗೆ ಕೊಟ್ಟಿರುವುದು ಕೆಳಗಿನ ಪಟ್ಟಿಗಳನ್ನು, ಸುಮಾರು 26ರಿಂದ 138 ಕಿಲೋಹರ್ಟ್ಸ್. ದೂರದ ಪೆಟ್ಟು ಅವಕ್ಕೆ ತಡವಾಗಿ ತಗಲುತ್ತದೆ.

"ಅಂದ್ರ ರಾಯರು ಕೊಡೋದಕ್ಕ ಅಡ್ಡಿಯಿಲ್ಲ, ತಗೊಳ್ಳೋದಕ್ಕ ಮಾತ್ರ ಅಡ್ಡಿ" ಎಂದು ಕುಲಕರ್ಣಿ ತೀರ್ಪು ಕೊಟ್ಟರು. "ಬ್ಯಾಂಕಿನವರಿಗೆ ಇದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ ನೋಡ್ರಿ."

ಶೆಟ್ಟರ ಕಥೆ ಇದರ ತದ್ವಿರುದ್ಧ. ಅವರ ಮನೆ ಪೂರ್ವದಲ್ಲಿ, ಎಕ್ಸ್‌ಚೇಂಜಿನ ಗೋಡೆಗೆ ಒರಗಿಕೊಂಡೇ ಇದೆ. ತಾಮ್ರದ ಕಾಲದಲ್ಲೇ ಅವರಿಗೆ ಇಪ್ಪತ್ತರ ಮೇಲೆ ಬರುತ್ತಿತ್ತು. ಅಷ್ಟನ್ನೂ ಅವರು ಬಳಸಿದ್ದು ಹೋಟೆಲಿನ ಸರಕಿನ ಲೆಕ್ಕದ ಇಮೇಲಿಗೆ. ಟೀಚರಿಗೆ ಇದು ಇನ್ನೂ ಹೊಟ್ಟೆಉರಿ. ಅವರ ಮಗ ಪರೀಕ್ಷೆಯ ಪಾಠದ ವಿಡಿಯೋ ಒಂದಕ್ಕೆ ರಾತ್ರಿಯಿಡೀ ಕಾಯುತ್ತಿದ್ದ ದಿನಗಳವು. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿ ಬಂದರೆ ಅದೇ ಬ್ರಾಡ್‌ಬ್ಯಾಂಡ್, 2013ರವರೆಗೂ ಅದೇ ಗಡಿ. ಆ ಲೆಕ್ಕದಲ್ಲಿ ರಾಯರು ಇವತ್ತಿಗೂ ಶ್ರೀಮಂತರೇ.

"ಈ ಊರಿನ ಬ್ರೋಕರುಗಳು ಸ್ಟೇಷನ್ನಿಗೆ ಐದು ನಿಮಿಷ ಅಂತಾರೆ, ಶಾಲೆಗೆ ಮೂರು ನಿಮಿಷ ಅಂತಾರೆ" ಎಂದರು ಟೀಚರ್. "ಎಕ್ಸ್‌ಚೇಂಜಿಗೆ ತಂತಿ ಎಷ್ಟು ಉದ್ದ ಅಂತ ಒಬ್ಬನಾದರೂ ಹೇಳಿದ್ದುಂಟಾ?"

"ಹೇಳಿದ್ರೂ ಓಡುವವನ ಐದು ನಿಮಿಷವೇ ಹೇಳ್ತಿದ್ದ" ಎಂದರು ಶೆಟ್ಟರು.

ಮಳೆಗಾಲದ ಪ್ರಸ್ತಾಪ ಬಂದದ್ದೇ ಪೂಜಾರಿಯವರ ಮುಖ ಬದಲಾಯಿತು. ರಾಯರ ಸೊಸೈಟಿಯ ಡಿಪಿ ಬಾಕ್ಸನ್ನು ನಾನೂ ನೋಡಿದ್ದೇನೆ. ಮೀಟರ್ ಕೋಣೆಯ ಹೊರಗೋಡೆಯಲ್ಲಿ, ಎದೆಮಟ್ಟದಲ್ಲಿ. ಮುಚ್ಚಳದ ಒಂದು ತಿರುಗಣೆ ತುಕ್ಕು ಹಿಡಿದು ಉದುರಿದೆ, ಇನ್ನೊಂದರ ಮೇಲೆ ಮುಚ್ಚಳ ಓರೆಯಾಗಿ ನೇತಾಡುತ್ತದೆ. ಒಳಗೆ ಹತ್ತು ಪೇರುಗಳ ಟರ್ಮಿನಲ್, ಹಿತ್ತಾಳೆಯ ಸ್ಕ್ರೂಗಳಿಗೆ ಹಸಿರು ಕಿಲುಬು, ಮೇಲಿನ ಮೂಲೆಯಲ್ಲಿ ಹಲ್ಲಿಯ ಎರಡು ಬಿಳಿ ಮೊಟ್ಟೆ. ರಾಯರ ಪೇರನ್ನು ಯಾರೋ ಸ್ಕ್ರೂ ಬಿಗಿಯದೆ ಕೈಯಲ್ಲೇ ಹೊಸೆದು, ಮೇಲೆ ಹಳದಿ ಪ್ಲಾಸ್ಟಿಕ್ ಚೀಲದ ಚೂರು ಸುತ್ತಿಟ್ಟಿದ್ದಾರೆ. ಮಳೆಯ ನೀರು ಅದರೊಳಗೆ ಇಳಿದರೆ ಮೊದಲು ಫೋನಿನಲ್ಲಿ ಕರ್‌ಕರ್ ಸದ್ದು, ಆಮೇಲೆ ಡಿಎಸ್ಎಲ್ ದೀಪ ಮಿಣಮಿಣ, ಕೊನೆಗೆ ಲೈನ್ ಡೆಡ್.

"ನಮ್ಮ ಕಾಲದಲ್ಲಿ ಕಾಗದ ಸುತ್ತಿದ ಕೇಬಲ್ ಇತ್ತು, ಹೊರಗೆ ಸೀಸದ ಕವಚ. ಒಂದು ತೂತು ಬಿದ್ರೆ ಕಾಗದ ನೀರು ಕುಡಿದು ನೂರಾರು ಪೇರ್ ಒಟ್ಟಿಗೆ ಸಾಯ್ತಿತ್ತು. ಆಮೇಲೆ ಜೆಲ್ಲಿ ತುಂಬಿದ ಕೇಬಲ್ ಬಂತು. ಅದಕ್ಕೆ ನೀರು ನುಗ್ಗುದಿಲ್ಲ. ಆದ್ರೆ ಜಾಯಿಂಟ್ ಮಾಡುವಾಗ ಕೈಗೆ ಅಂಟಿದ್ದು ಮನೆಗೆ ಹೋಗಿ ಸೀಮೆಎಣ್ಣೆಯಲ್ಲಿ ಉಜ್ಜಿದ್ರೂ ಹೋಗ್ತಿರ್ಲಿಲ್ಲ. ನಮ್ಮವಳು ಅನ್ನ ಬಡಿಸ್ತಾನೇ ಬೈತಿದ್ಲು." ಅವರು ತಮ್ಮ ಅಂಗೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡರು. "ಹೊಸೆದು ಪ್ಲಾಸ್ಟಿಕ್ ಕಟ್ಟಿದವನು ಸಿಗ್ಲಿ ನನಗೆ."

"ಒಂದು ಸಮಾಧಾನ ಅದ ರಾಯರ" ಎಂದರು ಕುಲಕರ್ಣಿ. ಎಲ್ಲೋ ಓದಿಕೊಂಡು ಬಂದಿದ್ದರು ಅನ್ನಿಸುತ್ತದೆ. "ಒಂದೇ ಕೇಬಲ್ಲಿನ ಅಕ್ಕಪಕ್ಕದ ಪೇರುಗಳು ಒಂದರ ಮಾತು ಒಂದರೊಳಗ ಸೋರಿಸ್ತಾವಂತ. ನಾವೆಲ್ಲ ಬಿಟ್ಟು ಹೋದ ಮ್ಯಾಲ ನಿಮ್ಮ ತಂತಿಗೆ ಆ ಗದ್ದಲ ಕಮ್ಮಿ ಆಗಿರಬೇಕು. ನಿಮ್ಮ ಎರಡೂವರಿಯೊಳಗಿನ ಅರ್ಧ ನಮ್ಮ ತ್ಯಾಗದ್ದು."

"ಹೌದು, ಚೂರು ಕಮ್ಮಿ ಆಗ್ತದೆ" ಎಂದು ಪೂಜಾರಿಯವರು ಒಪ್ಪಿದರು. "ಅರ್ಧ ಎಂಬಿ ಅಷ್ಟು ತ್ಯಾಗ ನೀವು ಮಾಡ್ಲಿಲ್ಲ."

ರಾಯರು ಕೊನೆಯ ಬಾಣ ಬಿಟ್ಟರು. ವಿಡಿಎಸ್ಎಲ್ ಅಂತ ಒಂದುಂಟಂತೆ, ತಾಮ್ರದಲ್ಲೇ 100 ಎಂಬಿ ಕೊಡ್ತದಂತೆ, ಅದನ್ನು ಹಾಕಿಸಿದರೆ? ಕೊಡುವುದೇನೋ ನಿಜ. ಅರ್ಧ ಕಿಲೋಮೀಟರಿನ ಒಳಗೆ. ಇನ್ನೂ ಮೇಲಿನ ಕಂಪನಾಂಕಗಳನ್ನು ನೆಚ್ಚಿಕೊಂಡ ಬಾಳು ಅದರದು, ಹಾಗಾಗಿ ಇನ್ನೂ ಬೇಗ ಸುಸ್ತಾಗುತ್ತದೆ. ಒಂದೂವರೆ ಕಿಲೋಮೀಟರ್ ದಾಟಿದ ಮೇಲೆ ಹಳೆಯದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಎಕ್ಸ್‌ಚೇಂಜಿನ ಯಂತ್ರವನ್ನೇ ಸೊಸೈಟಿಯ ಮೀಟರ್ ಕೋಣೆಗೆ ತಂದಿಟ್ಟರೆ ಮಾತ್ರ ಪ್ರಯೋಜನ.

"ಮೀಟರ್ ಕೋಣೆಯಲ್ಲಿ ಸೆಕ್ರೆಟರಿಯ ಸೈಕಲ್ ಉಂಟು" ಎಂದರು ರಾಯರು, ಸೋತ ದನಿಯಲ್ಲಿ.

"ಹಾಗಾದ್ರೆ ಫೈಬರ್ ಹಾಕಿಸಿ, ಮುಗೀತು" ಎಂದು ಟೀಚರ್ ಕೈಮುಗಿದರು. "ಗಾಜಿನ ಎಳೆಯಲ್ಲಿ ಕಿಲೋಮೀಟರಿಗೆ ಹೋಗುವುದು 0.2 ಡೆಸಿಬೆಲ್, ಹೆಚ್ಚೆಂದರೆ ಇನ್ನೊಂದು ಚೂರು. ನಿಮ್ಮ ತಾಮ್ರದಲ್ಲಿ 14. ಹಳಿಯನ್ನು ಎಷ್ಟು ಸಲ ಬೇಕಾದರೂ ಸುತ್ತಿಕೊಂಡು ಬರಲಿ, ಅದಕ್ಕೇನೂ ಆಗುವುದಿಲ್ಲ."

"ಬರುದಿಲ್ಲ ಅಂದದ್ದು ಯಾರು? ಆದ್ರೆ ಕರೆಂಟ್ ಹೋದ್ರೆ?"

ಎಲ್ಲರೂ ಪೂಜಾರಿಯವರ ಮುಖ ನೋಡಿದರು. ಈ ಒಂದು ಜಾಗದಲ್ಲಿ ಅವರು ರಾಯರ ಪಕ್ಷ ವಹಿಸಲೇಬೇಕಾಯಿತು. ತಾಮ್ರದ ಫೋನಿಗೆ ಮನೆಯ ಕರೆಂಟು ಬೇಡ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ 48 ವೋಲ್ಟ್ ಬರುತ್ತದೆ. ಫೈಬರಿನ ಡಬ್ಬಿಗೆ ಮನೆಯದೇ ಕರೆಂಟು ಬೇಕು. ಇನ್ವರ್ಟರ್ ಇಲ್ಲದಿದ್ದರೆ ದೀಪದ ಜತೆಗೆ ಅದೂ ಆರುತ್ತದೆ.

ರಾಯರು ಗೆದ್ದವರಂತೆ ಕಾಗದ ಮಡಚಿ ಜೇಬಿಗಿಟ್ಟರು. "ಕೇಳಿದ್ರಲ್ಲ?"

"ಕೇಳಿದೆವು. ಈಗ ನಿಮ್ಮ ಲ್ಯಾಂಡ್‌ಲೈನಿಗೆ ಯಾರು ಫೋನ್ ಮಾಡ್ತಾರೆ, ಅದನ್ನು ಹೇಳಿ" ಎಂದರು ಶೆಟ್ಟರು, ಊಟದ ತಟ್ಟೆಗಳನ್ನು ಎಣಿಸುತ್ತಾ.

"ರಾಂಗ್ ನಂಬರ್ ಬರ್ತದೆ."

"ಮತ್ತೆ?"

"ಮತ್ತೆ ಎಂತ? ಎಷ್ಟು ಸ್ಪಷ್ಟ ಕೇಳ್ತದೆ ಗೊತ್ತುಂಟಾ!"